ಹಳೇ ಡಬ್ಬಿ, ಕೈಯಿಂದ ಮಾಡಿದ ಕಾರ್ಡು: ಯಾವುದರ ಮೇಲೆ ಯಾವುದು?

ರದ್ದಿ ರಾಣಿ

ಎಲ್ಲರಿಗೂ ನಮಸ್ಕಾರ. ಒಂದು ತಗಡಿನ ಡಬ್ಬಿ, ಅದರೊಳಗೆ ಕೂರುವಂಥ ಒಂದಷ್ಟು ಕಾರ್ಡು, ಎರಡಕ್ಕೂ ಅದೇ ಬಣ್ಣ ಅದೇ ಕಾಗದ, ಹೀಗೊಂದು ಸೆಟ್ ಮಾಡಿ ಉಡುಗೊರೆ ಕೊಡಬೇಕು ಅಂದುಕೊಂಡಿದ್ದೇನೆ. ಸಾಮಾನಿಗೆ ಕೊರತೆ ಇಲ್ಲ. ಅಕ್ರಿಲಿಕ್ ಬಣ್ಣ, ಜೆಸ್ಸೋ (ಬಣ್ಣಕ್ಕೂ ಮುಂಚೆ ಬಳಿಯುವ ಬಿಳಿ ಪ್ರೈಮರ್), ಹಳೇ ಪುಸ್ತಕದ ಹಾಳೆ, ಹೂವಿನ ಚಿತ್ರದ ಪೇಪರ್ ನ್ಯಾಪ್ಕಿನ್, ಸ್ಟೆನ್ಸಿಲ್, ಉಬ್ಬು ಬರಿಸುವ ಟೆಕ್ಸ್ಚರ್ ಪೇಸ್ಟ್, ನಾಲ್ಕಾರು ರಬ್ಬರ್ ಸ್ಟಾಂಪ್, ಲೇಸು, ಗುಂಡಿ, ಒಡೆದ ಗಡಿಯಾರದ ಹಲ್ಲುಚಕ್ರ ಎಲ್ಲ ಇದೆ. ಆದರೆ ಯಾವುದು ಮೊದಲು ಯಾವುದು ಆಮೇಲೆ ಅನ್ನುವುದೇ ಗೊಂದಲ. ವಿಡಿಯೋ ನೋಡಿದರೆ ಒಬ್ಬರು ಮೊದಲು ಜೆಸ್ಸೋ ಬಳಿಯುತ್ತಾರೆ, ಇನ್ನೊಬ್ಬರು ಕಾಗದ ಅಂಟಿಸಿ ಅದರ ಮೇಲೆ ಬಳಿಯುತ್ತಾರೆ, ಮತ್ತೊಬ್ಬರು ಜೆಸ್ಸೋ ಮುಟ್ಟುವುದೇ ಇಲ್ಲ.

ಮುಖ್ಯವಾಗಿ ಎರಡು ಪ್ರಶ್ನೆ. ಇಷ್ಟೆಲ್ಲ ಮೆತ್ತಿದ ಮೇಲೂ ಡಬ್ಬಿಯ ಮುಚ್ಚಳ ಸಲೀಸಾಗಿ ಹಾಕಿ ತೆಗೆಯುವ ಹಾಗೆ ಇರಬೇಕು, ಅದು ಹೇಗೆ? ಕಾರ್ಡಿಗೆ ಬಣ್ಣ, ಪೇಸ್ಟು ಹಚ್ಚಿದರೆ ಕಾಗದ ಬಾಗದಂತೆ ಏನು ಮಾಡುತ್ತೀರಿ?

ಹಳೇ ಡಬ್ಬಿ

ಡಬ್ಬಿಯ ವಿಷಯ ನಾನು ಹೇಳುತ್ತೇನೆ, ಕಾರ್ಡಿನದ್ದು ಬೇರೆಯವರು ಹೇಳಲಿ.

ಅಲಂಕಾರ ಆಮೇಲೆ. ಮೊದಲು ಮುಚ್ಚಳ ಹಾಕಿ, ಅದರ ಅಂಚು ಡಬ್ಬಿಯ ಮೈಮೇಲೆ ಎಲ್ಲಿಗೆ ಬಂದು ನಿಲ್ಲುತ್ತದೋ ಅಲ್ಲಿ ಸುತ್ತಲೂ ಪೆನ್ಸಿಲ್ ಗೆರೆ ಎಳೆಯಿರಿ. ಗೆರೆಯ ಮೇಲಿನ ಪಟ್ಟಿ ಮುಚ್ಚಳದ್ದು, ನಿಮ್ಮದಲ್ಲ. ಅಲ್ಲಿ ಕಾಗದವೂ ಬೇಡ, ಬಣ್ಣವೂ ಬೇಡ, ವಾರ್ನಿಶ್ಶೂ ಬೇಡ. ಗೆರೆಯಿಂದ ಒಂದೆರಡು ಮಿಲಿಮೀಟರ್ ಕೆಳಗೇ ಎಲ್ಲವೂ ನಿಲ್ಲಬೇಕು. ಡಬ್ಬಿಗೂ ಮುಚ್ಚಳಕ್ಕೂ ನಡುವಿನ ಸಂದು ತೀರಾ ಕಡಿಮೆ ಇರುತ್ತದೆ. ಮಾಮೂಲಿ 80 ಜಿಎಸ್‌ಎಂ (ಒಂದು ಚದರ ಮೀಟರಿಗೆ 80 ಗ್ರಾಂ ತೂಗುವ) ಹಾಳೆಯೇ ಸುಮಾರು 0.1 ಮಿಲಿಮೀಟರ್ ದಪ್ಪ, ಎರಡೂ ಬದಿ ಸೇರಿದರೆ 0.2, ಅದರ ಮೇಲೆ ಅಂಟು, ಬಣ್ಣ, ವಾರ್ನಿಶ್. ಮುಚ್ಚಳ ಮುನಿಸಿಕೊಳ್ಳುವುದಕ್ಕೆ ಅಷ್ಟು ಸಾಕು. ಆ ಪಟ್ಟಿಗೆ ಮಾಸ್ಕಿಂಗ್ ಟೇಪ್ ಸುತ್ತಿ ಕೆಲಸ ಶುರು ಮಾಡಿ, ಕೊನೆಯ ಬಣ್ಣ ಪೂರ್ತಿ ಒಣಗುವ ಮೊದಲೇ ಟೇಪ್ ಕಿತ್ತುಬಿಡಿ. ಪೂರ್ತಿ ಒಣಗಿದ ಮೇಲೆ ಕಿತ್ತರೆ ಬಣ್ಣದ ಪದರವೂ ಅದರ ಜೊತೆ ಹರಿದು ಬರುತ್ತದೆ.

ಕೀಲು ಇರುವ ಡಬ್ಬಿಯಾದರೆ ಹಿಂಭಾಗಕ್ಕೂ ಇದೇ ಮಾತು. ಕೀಲಿನ ಆಚೆ ಈಚೆ ಬರಿದಾಗಿಯೇ ಬಿಡಿ. ಅಂಟು ಹಸಿ ಇರುವಾಗಲೇ ಒಂದು ಸಲ ಪೂರ್ತಿ ತೆಗೆದು ಮುಚ್ಚಿ ನೋಡಿ, ಕಾಗದ ಎಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ಆಗಲೇ ಗೊತ್ತಾಗುತ್ತದೆ.

ಇನ್ನು ತಯಾರಿ. ಸೋಪು ನೀರಿನಲ್ಲಿ ತೊಳೆದು ಜಿಡ್ಡು ತೆಗೆಯಿರಿ, 220 ನಂಬರಿನ ಉಪ್ಪು ಕಾಗದದಿಂದ ಹೊಳಪು ಹೋಗುವಷ್ಟು ಉಜ್ಜಿ, ಒರೆಸಿ, ಒಣಗಿಸಿ. ಜಾಸ್ತಿ ಉಜ್ಜಿ ಬರೀ ತಗಡು ಕಾಣುವ ಹಾಗೆ ಮಾಡಿದರೆ ಅಲ್ಲಿ ನೇರವಾಗಿ ನೀರಿನ ಜೆಸ್ಸೋ ಬಳಿಯಬೇಡಿ. ಒಳಗಿಂದ ತುಕ್ಕು ಎದ್ದು ಕಂದು ಕಲೆ ಮೇಲಕ್ಕೆ ಬರುತ್ತದೆ. ಲೋಹಕ್ಕೆಂದೇ ಇರುವ ಪ್ರೈಮರ್ ಒಂದು ಕೋಟ್ ಕೊಟ್ಟು ಮುಂದೆ ಹೋಗಿ. ಮತ್ತೆ, ಅಜ್ಜಿ ಕಾಲದ ಪೇಂಟ್ ಮಾಡಿದ ಡಬ್ಬಿಯಾದರೆ ಒಣದಾಗಿ ಉಜ್ಜಲೇಬೇಡಿ. ಹಳೇ ಪೇಂಟುಗಳಲ್ಲಿ ಸೀಸ ಇರುತ್ತಿತ್ತು, ಆ ಧೂಳು ಒಳಗೆ ಹೋಗಬಾರದು. ನಿಜ ಹೇಳಬೇಕೆಂದರೆ ಅಂಥ ಡಬ್ಬಿಯನ್ನು ಹಾಗೇ ಇಟ್ಟುಕೊಳ್ಳಿ, ಅದು ಈಗಾಗಲೇ ಚೆನ್ನಾಗಿದೆ.

ಕತ್ತರಿ ಕೈ

ಕಾರ್ಡಿಗೆ ನನ್ನ ಉತ್ತರ ಒಂದೇ ಸಾಲು: ಮಡಿಸಿದ ಕಾರ್ಡಿನ ಮೇಲೆ ಹಸಿ ಕೆಲಸ ಮಾಡಬೇಡಿ.

ಬಣ್ಣ, ಜೆಸ್ಸೋ, ಪೇಸ್ಟು, ನೀರು ಚಿಮುಕಿಸುವುದು ಎಲ್ಲವನ್ನೂ ಬೇರೆ ತುಂಡಿನ ಮೇಲೆ ಮಾಡಿ. 300 ಜಿಎಸ್‌ಎಂ ಜಲವರ್ಣದ ಕಾಗದ ಇದಕ್ಕೆ ಸರಿ. ಅದು ಒಣಗಿ, ಭಾರದ ಕೆಳಗೆ ಒಂದು ರಾತ್ರಿ ಮಲಗಿ ನೆಟ್ಟಗಾದ ಮೇಲೆ ಕಾರ್ಡಿಗಿಂತ ಸುತ್ತಲೂ ಮೂರು ನಾಲ್ಕು ಮಿಲಿಮೀಟರ್ ಚಿಕ್ಕದಾಗಿ ಕತ್ತರಿಸಿ ಡಬಲ್ ಸೈಡ್ ಟೇಪಿನಿಂದ ಅಂಟಿಸಿ. ಕಾರ್ಡಿನ ಬುಡಕ್ಕೆ ನೀರು ತಾಗುವುದೇ ಇಲ್ಲ, ಹಾಗಾಗಿ ಅದು ಬಾಗುವುದೂ ಇಲ್ಲ. ಮೇಲಿನ ತುಂಡು ಕೆಟ್ಟರೆ ಅದೊಂದೇ ಹೋಗುತ್ತದೆ, ಇಡೀ ಕಾರ್ಡು ಹೋಗುವುದಿಲ್ಲ.

ಕಾಗದ ಯಾಕೆ ಬಾಗುತ್ತದೆ ಅಂದರೆ ಅದರೊಳಗಿನ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ನೀರು ಕುಡಿದಾಗ ನಾರು ಉದ್ದಕ್ಕಿಂತ ಅಗಲಕ್ಕೇ ಜಾಸ್ತಿ ಊದುತ್ತದೆ. ಒಂದೇ ಬದಿ ಒದ್ದೆಯಾದರೆ ಆ ಬದಿ ಹಿಗ್ಗಿ ಹಾಳೆ ಸುರುಳಿಯಾಗುತ್ತದೆ. ಇದಕ್ಕೆ ಮದ್ದು ಹಿಂಬದಿಗೂ ಅಷ್ಟೇ ತೇವ ಕೊಡುವುದು. ಮುಂದೆ ಜೆಸ್ಸೋ ಬಳಿದರೆ ಹಿಂದೆಯೂ ತೆಳ್ಳಗೆ ಒಂದು ಕೈ ಬಳಿಯಿರಿ, ಅಥವಾ ಹಿಂದೊಂದು ರದ್ದಿ ಹಾಳೆ ಅಂಟಿಸಿ. ಬೈಂಡಿಂಗ್ ಮಾಡುವವರು ರಟ್ಟಿನ ಒಳಮೈಗೂ ಕಾಗದ ಹಚ್ಚುವುದಕ್ಕೆ ಇದೂ ಒಂದು ಕಾರಣ.

ನಾರಿನ ದಿಕ್ಕು ಹುಡುಕುವುದು ಸುಲಭ. ಹಾಳೆಯನ್ನು ಮಡಿಸದೆ ಸುಮ್ನೆ ಎರಡೂ ಕಡೆಯಿಂದ ಬಗ್ಗಿಸಿ ಅಂಗೈಯಿಂದ ಒತ್ತಿ ನೋಡಿ. ಯಾವ ಕಡೆ ಮೆತ್ತಗೆ ಬಗ್ಗುತ್ತದೋ ಆ ಮಡಿಕೆಗೆ ಸಮಾನಾಂತರವಾಗಿ ನಾರು ಹೋಗಿದೆ ಅಂತ. ಕಾರ್ಡಿನ ಮಡಿಕೆಯೂ ಅದೇ ದಿಕ್ಕಿಗೆ ಬರಬೇಕು. ಅಡ್ಡಕ್ಕೆ ಮಡಿಸಿದರೆ ಅಂಚಿನಲ್ಲಿ ಬಿಳಿ ಬಿಳಿ ಬಿರುಕು ಕಾಣುತ್ತದೆ, ಬಣ್ಣದ ಕಾರ್ಡಿನಲ್ಲಂತೂ ಎದ್ದು ಕಾಣುತ್ತದೆ. ಮಡಿಸುವ ಮುಂಚೆ ಸ್ಕೇಲ್ ಇಟ್ಟು ಬೋನ್ ಫೋಲ್ಡರಿನಿಂದ (ಕಾಗದ ಮಡಿಸಲು ಬಳಸುವ ಮೊಂಡು ಅಂಚಿನ ಪಟ್ಟಿ) ಗೀರು ಹಾಕಿ. ಅದಿಲ್ಲದಿದ್ದರೆ ಇಂಕು ಮುಗಿದ ಬಾಲ್ ಪೆನ್ ಸಾಕು. ಗೀರು ಹಾಕಿದಾಗ ಹಿಂಬದಿಯಲ್ಲಿ ಸಣ್ಣ ಏಣು ಏಳುತ್ತದಲ್ವಾ, ಮಡಿಸಿದಾಗ ಆ ಏಣು ಕಾರ್ಡಿನ ಒಳಗೆ ಬರಬೇಕು, ಹೊರಗಲ್ಲ. ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ.

ರದ್ದಿ ರಾಣಿ

ಅಬ್ಬಾ, ಏಣಿನ ವಿಷಯ ಗೊತ್ತೇ ಇರಲಿಲ್ಲ. ಇಬ್ಬರಿಗೂ ಥ್ಯಾಂಕ್ಸ್. ಹಾಗಾದರೆ ಜೆಸ್ಸೋ ಎಲ್ಲಿ ಬರುತ್ತದೆ? ಬೇಕೇ ಬೇಕಾ?

ಅಂಟು ಪುರಾಣ

ಬೇಡ. ಬಿಳಿ ಅಕ್ರಿಲಿಕ್ ಬಣ್ಣ ಇದ್ದರೆ ಸಾಕು. ಜೆಸ್ಸೋ ಅಂದರೆ ಅದೇ ಬಣ್ಣಕ್ಕೆ ದೊಡ್ಡ ಹೆಸರು.

ಬಣ್ಣದ ಬೆರಳು

ಇಲ್ಲ, ಇಲ್ಲಿ ನಾನು ಒಪ್ಪುವುದಿಲ್ಲ. ಈಗ ಸಿಗುವ ಅಕ್ರಿಲಿಕ್ ಜೆಸ್ಸೋದಲ್ಲಿ ಬಿಳಿ ಬಣ್ಣದ ಜೊತೆ ಕ್ಯಾಲ್ಸಿಯಂ ಕಾರ್ಬೊನೇಟಿನಂಥ ಸೀಮೆಸುಣ್ಣದ ಪುಡಿಯೂ ಇರುತ್ತದೆ. ಒಣಗಿದ ಮೇಲೆ ಬೆರಳಾಡಿಸಿ ನೋಡಿ, ಸಣ್ಣಗೆ ತರಿತರಿ ಸಿಗುತ್ತದೆ. ಆ ತರಿಯೇ ಮುಂದಿನ ಬಣ್ಣವನ್ನು, ಪೆನ್ಸಿಲನ್ನು, ಪ್ಯಾಸ್ಟೆಲನ್ನು ಹಿಡಿದುಕೊಳ್ಳುವುದು. ಬರೀ ಬಿಳಿ ಅಕ್ರಿಲಿಕ್ ಒಣಗಿದರೆ ಪ್ಲಾಸ್ಟಿಕ್ಕಿನ ನುಣುಪು ಬರುತ್ತದೆ, ಅದರ ಮೇಲೆ ಬಣ್ಣದ ಪೆನ್ಸಿಲ್ ಜಾರುತ್ತದೆ. ಹಾಗಂತ ಎಲ್ಲ ಕಡೆ ಬೇಕು ಅಂತಲ್ಲ. ದಪ್ಪ ಕಾಗದಕ್ಕೆ ಬರೀ ಕಾಗದವನ್ನೇ ಅಂಟಿಸುವುದಾದರೆ ಬೇಡವೇ ಬೇಡ. ತಗಡು, ಹೊಳಪಿನ ರಟ್ಟು, ಪ್ಲಾಸ್ಟಿಕ್ ಮುಚ್ಚಳ ಇಂಥ ಜಾರುವ ಮೈಗೆ ಬೇಕು.

ವಿಡಿಯೋದಲ್ಲಿ ಕಾಗದ ಅಂಟಿಸಿದ ಮೇಲೆ ಬಳಿಯುವುದು ಬೇರೆ ಕಾರಣಕ್ಕೆ. ಐದಾರು ಥರದ ಕಾಗದ ಒಂದರ ಪಕ್ಕ ಒಂದು ಅಂಟಿಸಿದಾಗ ಎಲ್ಲವೂ ಕೂಗಾಡುತ್ತವೆ. ಅದರ ಮೇಲೆ ನೀರು ಬೆರೆಸಿದ ಜೆಸ್ಸೋ ತೆಳ್ಳಗೆ ಬಳಿದು ಕೂಡಲೇ ಬಟ್ಟೆಯಿಂದ ಅಲ್ಲಲ್ಲಿ ಒರೆಸಿದರೆ ಎಲ್ಲವೂ ತಣ್ಣಗಾಗಿ ಹಿಂದಕ್ಕೆ ಸರಿಯುತ್ತವೆ, ಅಕ್ಷರಗಳು ಅರ್ಧಂಬರ್ಧ ಇಣುಕುತ್ತವೆ. ಅಲ್ಲಿಗೆ ಹಿನ್ನೆಲೆ ತಯಾರಾಯಿತು.

ಅಂಟು ಪುರಾಣ

ಸರಿ ಮಾರಾಯ್ರೆ, ತಗಡಿಗೆ ಒಪ್ಪಿದೆ. ಕಾರ್ಡಿಗೆ ನನ್ನ ಬಿಳಿ ಬಣ್ಣವೇ.

ಆದರೆ ಅಂಟಿನ ವಿಷಯದಲ್ಲಿ ಹೇಳುತ್ತೇನೆ ಕೇಳಿ. ಬಿಳಿ ಪಿವಿಎ ಅಂಟಿಗೆ ನೀರು ಬೆರೆಸಿ ಮೇಲೆ ಬಳಿದರೆ ಡೆಕುಪಾಜ್, ಅಂದರೆ ಕಾಗದ ಅಂಟಿಸಿ ಮಾಡುವ ಅಲಂಕಾರ, ಆಯಿತು ಅಂತ ಎಲ್ಲ ಕಡೆ ಬರೆಯುತ್ತಾರೆ. ಅಂಟಿಸುವುದಕ್ಕೆ ಅದು ಸರಿ, ಮೇಲಿನ ಹೊದಿಕೆಗೆ ಅಲ್ಲ. ಮಾಮೂಲಿ ಪಿವಿಎ ಒಣಗಿದ ಮೇಲೂ ನೀರು ಬಿದ್ದರೆ ಬೆಳ್ಳಗಾಗಿ ಮೆತ್ತಗಾಗುತ್ತದೆ. ಕೈ ಬೆವರು ಸಾಕು. ಒಳಗೆ ಅಂಟು ಯಾವುದಾದರೂ ಇರಲಿ, ಕೊನೆಗೆ ಮ್ಯಾಟ್ ಅಕ್ರಿಲಿಕ್ ಮೀಡಿಯಂ (ಬಣ್ಣ ಬೆರೆಸದ, ಹೊಳಪಿಲ್ಲದ ಅಕ್ರಿಲಿಕ್) ಅಥವಾ ಅಕ್ರಿಲಿಕ್ ವಾರ್ನಿಶ್ ಬರಲಿ. ದಪ್ಪಗೆ ಒಂದು ಕೋಟ್ ಬೇಡ, ತೆಳ್ಳಗೆ ಎರಡು ಮೂರು, ಪ್ರತಿಯೊಂದೂ ಒಣಗಿದ ಮೇಲೆ ಮುಂದಿನದು.

ಹೊಸ ಕುಂಚ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನ್ಯಾಪ್ಕಿನ್ ಅಂಟಿಸಿದರೆ ಸುಕ್ಕು ಬೀಳುತ್ತದೆ, ಬ್ರಷ್ ಎಳೆದರೆ ಹರಿದೇ ಹೋಗುತ್ತದೆ. ಬೇರೆ ದಾರಿ ಇದೆಯಾ?

ಹಳೇ ಡಬ್ಬಿ

ಇದೆ. ಮೊದಲು ನ್ಯಾಪ್ಕಿನ್ನಿನ ಪದರ ಬಿಡಿಸಿ. ಎರಡು ಅಥವಾ ಮೂರು ಪದರ ಇರುತ್ತವೆ, ಚಿತ್ರ ಇರುವ ಮೇಲಿನದು ಮಾತ್ರ ನಮಗೆ ಬೇಕು. ಡಬ್ಬಿಯ ಮೈಗೆ ಬಿಳಿ ಬಳಿದಿರಬೇಕು, ಯಾಕೆಂದರೆ ಈ ಪದರ ಅಂಟು ತಾಗಿದರೆ ಪಾರದರ್ಶಕ ಆಗುತ್ತದೆ, ಕೆಳಗೆ ಕಪ್ಪಿದ್ದರೆ ಹೂವು ಮಾಯ. ಈಗ ಡಬ್ಬಿಗೆ ಅಕ್ರಿಲಿಕ್ ಮೀಡಿಯಂ ಬಳಿದು ಪೂರ್ತಿ ಒಣಗಲು ಬಿಡಿ. ಹೌದು, ಪೂರ್ತಿ. ಒಣಗಿದ ಮೇಲೆ ನ್ಯಾಪ್ಕಿನ್ ಹರಡಿ, ಮೇಲೆ ಬೇಕಿಂಗ್‌ಗೆ ಬಳಸುವ ಪಾರ್ಚ್‌ಮೆಂಟ್ ಪೇಪರ್ ಇಟ್ಟು, ಹದವಾಗಿ ಕಾದ ಇಸ್ತ್ರಿಪೆಟ್ಟಿಗೆಯನ್ನು ಹಬೆ ಇಲ್ಲದೆ ಒತ್ತಿ. ಒಣಗಿದ ಅಕ್ರಿಲಿಕ್ ಬಿಸಿಗೆ ಮತ್ತೆ ಮೆತ್ತಗಾಗಿ ಕಾಗದವನ್ನು ಹಿಡಿದುಕೊಳ್ಳುತ್ತದೆ. ನೀರೇ ಇಲ್ಲ ಅಂದ ಮೇಲೆ ಸುಕ್ಕು ಎಲ್ಲಿಂದ ಬರಬೇಕು? ತಗಡು ಬೇಗ ಕಾಯುತ್ತದೆ, ಕೈ ಜೋಪಾನ. ಮೇಲಿನ ವಾರ್ನಿಶ್ ಹಚ್ಚುವಾಗ ಮೊದಲ ಕೋಟನ್ನು ಬ್ರಷ್ ಎಳೆಯದೆ ಸ್ಪಂಜಿನಿಂದ ತಟ್ಟಿ ತಟ್ಟಿ ಹಚ್ಚಿ.

ಇಸ್ತ್ರಿ ತಾಗದ ದುಂಡನೆಯ ಡಬ್ಬಿಯಾದರೆ ಇನ್ನೊಂದು ಉಪಾಯ. ಹಸಿ ಅಂಟಿನ ಮೇಲೆ ನ್ಯಾಪ್ಕಿನ್ ಇಟ್ಟು, ಅದರ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ ಬೆರಳಿನಿಂದ ನಡುವಿನಿಂದ ಅಂಚಿಗೆ ಸವರಿ. ಬೆರಳು ಪ್ಲಾಸ್ಟಿಕ್ಕಿನ ಮೇಲೆ ಜಾರುತ್ತದೆ, ಕಾಗದ ಹರಿಯುವುದಿಲ್ಲ. ಕತ್ತರಿಯಿಂದ ಕತ್ತರಿಸುವ ಬದಲು ಚಿತ್ರದ ಸುತ್ತ ಒದ್ದೆ ಕುಂಚದಿಂದ ಗೆರೆ ಎಳೆದು ಕೈಯಿಂದ ಹರಿದರೆ ಅಂಚು ಹಿನ್ನೆಲೆಯಲ್ಲಿ ಬೆರೆತು ಹೋಗುತ್ತದೆ.

ಬಣ್ಣದ ಬೆರಳು

ರದ್ದಿ ರಾಣಿ ಅವರೇ, ಸ್ಟಾಂಪ್ ಇದೆ ಅಂದಿರಲ್ಲ, ಇಂಕಿನ ವಿಷಯ ಈಗಲೇ ನೋಡಿಕೊಳ್ಳಿ. ಈ ಕೆಲಸದಲ್ಲಿ ಜಾಸ್ತಿ ಕಣ್ಣೀರು ಹಾಕಿಸುವುದು ಇಂಕೇ. ಚೆಂದವಾಗಿ ಸ್ಟಾಂಪ್ ಒತ್ತಿ, ಮೇಲೆ ಮೀಡಿಯಂ ಬಳಿದ ತಕ್ಷಣ ಕಪ್ಪು ಗೆರೆಯೆಲ್ಲ ಕರಗಿ ಬೂದು ಕೆಸರಾಗುತ್ತದೆ. ಅದು ನೀರಿನ ಡೈ ಇಂಕು. ಡಿಸ್ಟ್ರೆಸ್ ಇಂಕ್ ಅಂತ ಬರುತ್ತದಲ್ಲ, ಅದು ನೀರಿಗೆ ಹರಡಲಿ ಅಂತಲೇ ಮಾಡಿದ್ದು. ಹಿನ್ನೆಲೆಗೆ ಅದು ಬಂಗಾರ, ಗೆರೆಗೆ ಅಲ್ಲ.

ಗೆರೆ ನಿಲ್ಲಬೇಕಾದರೆ ಮೇಲೆ ಏನು ಹಚ್ಚುತ್ತೀರಿ ಅಂತ ಮೊದಲು ಯೋಚಿಸಿ. ಮೇಲೆ ಜಲವರ್ಣ ಅಥವಾ ಮೀಡಿಯಂ ಬರುವುದಾದರೆ ನೀರಿಗೆ ಕರಗದ ಆರ್ಕೈವಲ್ ಇಂಕು. ಮೇಲೆ ಆಲ್ಕೋಹಾಲ್ ಮಾರ್ಕರ್ ಬರುವುದಾದರೆ ಮೆಮೆಂಟೋದಂಥ ನೀರಿನ ಡೈ ಇಂಕು, ಯಾಕೆಂದರೆ ಆಲ್ಕೋಹಾಲ್ ಅದನ್ನು ಕದಡುವುದಿಲ್ಲ. ತಗಡು, ಗಾಜು, ಪ್ಲಾಸ್ಟಿಕ್ ಮೇಲೆ ಒತ್ತಬೇಕಾದರೆ ಸ್ಟೇಜ಼್‌ಆನ್ ಥರದ ಸಾಲ್ವೆಂಟ್ ಇಂಕು. ಅದರ ಮೇಲೆ ಆಲ್ಕೋಹಾಲ್ ಮಾರ್ಕರ್ ಓಡಿಸಿದರೆ ಕದಡುತ್ತದೆ.

ಮೇಣ, ಆಯಿಲ್ ಪ್ಯಾಸ್ಟೆಲ್, ಮೇಣದ ಪಾಲಿಶ್ ಇವೆಲ್ಲ ಕಟ್ಟಕಡೆಗೆ. ಅವುಗಳ ಮೇಲೆ ಅಕ್ರಿಲಿಕ್ ಹಿಡಿಯುವುದಿಲ್ಲ. ನೀರಿನ ಕೆಲಸ ಮೊದಲು, ಜಿಡ್ಡಿನ ಕೆಲಸ ಆಮೇಲೆ ಅಂತ ಇಟ್ಟುಕೊಂಡರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಹೊಸ ಕುಂಚ

ಎಂಬಾಸಿಂಗ್ ಪೌಡರ್, ಅದೇ ಬಿಸಿಗೆ ಕರಗಿ ಸ್ಟಾಂಪಿನ ಚಿತ್ರವನ್ನು ಉಬ್ಬಿಸುವ ಪುಡಿ, ಅದರ ಬಗ್ಗೆಯೂ ಯಾರಾದರೂ ಹೇಳಿ. ತಲೆ ಕೂದಲು ಒಣಗಿಸುವ ಡ್ರೈಯರ್ ಸಾಲುವುದಿಲ್ಲವಾ?

ಬಣ್ಣದ ಬೆರಳು

ಸಾಲುವುದಿಲ್ಲ. ಅದರ ಗಾಳಿ ಜೋರು, ಬಿಸಿ ಕಡಿಮೆ. ಪೌಡರ್ ಕರಗುವ ಮುಂಚೆಯೇ ಹಾರಿ ಮೇಜಿನ ತುಂಬಾ ಹರಡುತ್ತದೆ. ಹೀಟ್ ಗನ್ ಅಥವಾ ಎಂಬಾಸಿಂಗ್‌ಗೆಂದೇ ಇರುವ ಹೀಟ್ ಟೂಲ್ ಬೇಕು.

ಕೆಲಸ ಹೀಗೆ. ಕಾಗದದ ಮೇಲೆ ಮೊದಲು ಆಂಟಿ ಸ್ಟ್ಯಾಟಿಕ್ ಪೌಡರಿನ ಚೀಲ ಒಮ್ಮೆ ಆಡಿಸಿ. ಇಲ್ಲವಾದರೆ ಬೇಡದ ಕಡೆಯೂ ಪುಡಿ ಅಂಟಿಕೊಂಡು ಚುಕ್ಕಿ ಚುಕ್ಕಿ ಉಳಿಯುತ್ತದೆ. ತಡವಾಗಿ ಒಣಗುವ ಎಂಬಾಸಿಂಗ್ ಇಂಕು ಅಥವಾ ಪಿಗ್ಮೆಂಟ್ ಇಂಕಿನಲ್ಲಿ ಸ್ಟಾಂಪ್ ಒತ್ತಿ, ಪುಡಿ ಸುರಿದು, ಹೆಚ್ಚಿನದನ್ನು ಕೊಡವಿ, ಹಿಂದಿನಿಂದ ಕಾಗದಕ್ಕೆ ಬೆರಳಿನಿಂದ ಟಕ್ ಅಂತ ಹೊಡೆಯಿರಿ. ಟೂಲನ್ನು ಬೇರೆ ಕಡೆ ಹಿಡಿದು ಮೊದಲು ಕಾಯಿಸಿಕೊಂಡು ಆಮೇಲೆ ಚಿತ್ರದ ಹತ್ತಿರ ತನ್ನಿ. ಮೊದಲು ಏನೂ ಆಗುವುದಿಲ್ಲ, ಮಬ್ಬು ಹರಳು ಹರಳಾಗಿ ಹಾಗೇ ಇರುತ್ತದೆ. ಆಮೇಲೆ ಒಂದು ಮೂಲೆಯಲ್ಲಿ ಇದ್ದಕ್ಕಿದ್ದ ಹಾಗೆ ಹರಳುಗಳು ಕೂಡಿಕೊಂಡು ಫಳಕ್ಕನೆ ಹೊಳೆಯುತ್ತವೆ, ಆ ಹೊಳಪು ಗೆರೆ ಹಿಡಿದು ಮುಂದೆ ಮುಂದೆ ಸಾಗುತ್ತದೆ. ಹೊಳಪಿನ ಜೊತೆಗೇ ಕೈ ಸರಿಸುತ್ತಾ ಹೋಗಿ. ಹೊಳೆದ ಮೇಲೂ ಅಲ್ಲೇ ಹಿಡಿದರೆ ಕರಗಿದ್ದು ಕಾಗದದೊಳಗೆ ಇಳಿದು ಉಬ್ಬು ಹೋಗುತ್ತದೆ, ಸುತ್ತ ಎಣ್ಣೆ ಕಲೆಯ ಥರ ಕಾಣುತ್ತದೆ. ಮುಗಿಯಿತು, ಅದನ್ನು ಸರಿ ಮಾಡುವುದಕ್ಕೆ ಬರುವುದಿಲ್ಲ.

ಇದನ್ನು ಫೋಮ್ ಟೇಪು, ಪ್ಲಾಸ್ಟಿಕ್ ಮಣಿ ಅಂಟಿಸುವ ಮೊದಲೇ ಮಾಡಿ. ಬಿಸಿಗೆ ಅವು ಕುಗ್ಗುತ್ತವೆ.

ಸುಮ್ನೆ ಓದುಗ

ಹಳೇ ಫೋಟೋ, ಹಳೇ ಪತ್ರ ಡಬ್ಬಿಯ ಮೇಲೆ ಹಾಕುವ ಆಸೆ ಇದ್ದರೆ ದಯವಿಟ್ಟು ಮೂಲ ಪ್ರತಿ ಹಾಕಬೇಡಿ. ನಕಲು ಮಾಡಿಸಿ, ಅದೂ ಲೇಸರ್ ಪ್ರಿಂಟು. ಡೈ ಇಂಕಿನ ಇಂಕ್‌ಜೆಟ್ ಪ್ರಿಂಟಿಗೆ ಒದ್ದೆ ಅಂಟು ತಾಗಿದರೆ ಮುಖವೇ ಹರಿದಾಡುತ್ತದೆ. ಲೇಸರಿನ ಟೋನರ್ ಅಂದರೆ ಕರಗಿಸಿ ಕೂರಿಸಿದ ಪ್ಲಾಸ್ಟಿಕ್ ಪುಡಿ, ನೀರಿಗೆ ಜಗ್ಗುವುದಿಲ್ಲ. ಅದೇ ಕಾರಣಕ್ಕೆ ಚಿತ್ರವನ್ನು ಕಾಗದದಿಂದ ಎತ್ತಿ ಡಬ್ಬಿಗೆ ಇಳಿಸುವುದಕ್ಕೂ ಬರುತ್ತದೆ. ಚಿತ್ರವನ್ನು ಕನ್ನಡಿಯಲ್ಲಿ ಕಾಣುವಂತೆ ತಿರುಗಿಸಿ ಪ್ರಿಂಟ್ ತೆಗೆಯಿರಿ. ಬಿಳಿ ಬಳಿದ ಡಬ್ಬಿಗೆ ಜೆಲ್ ಮೀಡಿಯಂ ಹಚ್ಚಿ, ಚಿತ್ರದ ಮುಖ ಕೆಳಗೆ ಮಾಡಿ ಒತ್ತಿ, ಗಾಳಿಗುಳ್ಳೆ ತೆಗೆದು ಒಂದು ರಾತ್ರಿ ಬಿಡಿ. ಮರುದಿನ ಕಾಗದ ಒದ್ದೆ ಮಾಡಿ ಬೆರಳ ತುದಿಯಿಂದ ದುಂಡಗೆ ಉಜ್ಜಿ. ಕಾಗದ ಸಣ್ಣ ಸಣ್ಣ ಉಂಡೆಯಾಗಿ ಎದ್ದು ಬರುತ್ತದೆ, ಚಿತ್ರ ಜೆಲ್ಲಿನಲ್ಲೇ ಉಳಿಯುತ್ತದೆ. ಒಣಗಿದ ಮೇಲೆ ಬಿಳಿ ಮಬ್ಬು ಕಂಡರೆ ಇನ್ನೂ ನಾರು ಉಳಿದಿದೆ ಅಂತ, ಮತ್ತೆ ಒದ್ದೆ ಮಾಡಿ ಉಜ್ಜಿ. ಉಗುರು ತಾಗಿಸಬೇಡಿ.

ದಿನಪತ್ರಿಕೆಯ ತುಂಡು ಬಳಸುವವರಿಗೂ ಒಂದು ಮಾತು. ಆ ಕಾಗದದಲ್ಲಿ ಲಿಗ್ನಿನ್ ಅನ್ನುವ ಮರದ ಅಂಶ ಜಾಸ್ತಿ, ಬೆಳಕು ಗಾಳಿ ತಾಗಿ ಹಳದಿಯಾಗಿ ಪುಡಿಯಾಗುತ್ತದೆ. ಹಳದಿಯೇ ಬೇಕು ಅಂದರೆ ಸರಿ. ಬೇಡ ಅಂದರೆ ಅದನ್ನೂ ಆಸಿಡ್ ಇಲ್ಲದ ಕಾಗದಕ್ಕೆ ನಕಲು ಮಾಡಿಕೊಳ್ಳಿ.

ಗುಂಡಿ ಪೆಟ್ಟಿಗೆ

ಎಲ್ಲರೂ ತಾಂತ್ರಿಕ ವಿಷಯವನ್ನೇ ಹೇಳುತ್ತಿದ್ದೀರಿ. ಅಂದದ ಮಾತು ಯಾರೂ ಆಡಲಿಲ್ಲ. ನನ್ನ ಕೇಳಿದರೆ ಲೇಸು, ಗುಂಡಿ, ಹಲ್ಲುಚಕ್ರ, ಮುತ್ತು ಎಲ್ಲ ತುಂಬಿ ಹಾಕಿ. ಖಾಲಿ ಜಾಗ ಕಂಡರೆ ನನಗೆ ಕೈ ಕಡಿಯುತ್ತದೆ. ಹೀಗೆ ನಾನಾ ಸಾಮಾನು ಬೆರೆಸುವ ಮಿಕ್ಸೆಡ್ ಮೀಡಿಯಾ ಅಂದರೆ ತುಂಬಿ ತುಳುಕಬೇಕು.

ಕತ್ತರಿ ಕೈ

ತುಂಬಿ, ಬೇಡ ಅನ್ನುವುದಿಲ್ಲ. ಆದರೆ ಕೈ ಎಲ್ಲಿ ಹಿಡಿಯುತ್ತದೋ ಅಲ್ಲಿ ಬೇಡ. ಡಬ್ಬಿ ತೆಗೆಯುವಾಗ ಒಂದು ಕೈ ಮುಚ್ಚಳದ ಎರಡು ಬದಿ ಹಿಡಿಯುತ್ತದೆ, ಇನ್ನೊಂದು ಕೈ ಡಬ್ಬಿಯ ಹೊಟ್ಟೆ ಹಿಡಿಯುತ್ತದೆ. ಆ ಜಾಗದಲ್ಲಿ ಮುತ್ತು ಅಂಟಿಸಿದರೆ ತಿಂಗಳಿಗೊಂದು ಮುತ್ತು ಉದುರುತ್ತದೆ, ಅಂಟು ಎಷ್ಟೇ ಗಟ್ಟಿ ಇರಲಿ. ಮುಚ್ಚಳದ ಮೇಲ್ಭಾಗದ ನಡುವೆ ಎಷ್ಟು ಬೇಕಾದರೂ ಗುಡ್ಡೆ ಹಾಕಿ, ಅಲ್ಲಿಗೆ ಕೈ ಹೋಗುವುದಿಲ್ಲ. ಒಂದರ ಮೇಲೊಂದು ಡಬ್ಬಿ ಪೇರಿಸುವ ಆಲೋಚನೆ ಇದ್ದರೆ ಅದೂ ಬೇಡ.

ಕಾರ್ಡಿಗೂ ಹಾಗೇ. ಅದು ಲಕೋಟೆಯೊಳಗೆ ಹೋಗಬೇಕು, ಹೊರಗೆ ಬರಬೇಕು, ನಿಲ್ಲಬೇಕು, ಯಾರೋ ಒಳಗೆ ಬರೆಯಬೇಕು. ಮುಂಭಾಗದಲ್ಲಿ ಭಾರ ಜಾಸ್ತಿಯಾದರೆ ಕಾರ್ಡು ಮೂಗಿನ ಮೇಲೆ ಬೀಳುತ್ತದೆ. ಭಾರದ ವಸ್ತು ಕೆಳಗಿನ ಅರ್ಧದಲ್ಲಿರಲಿ, ಮಡಿಕೆಗೆ ತಾಗಿ ಏನೂ ಬೇಡ. ಎರಡೂ ಕಾಲೂರಿ ನಿಲ್ಲುವ ಹಾಗೆ ಮೇಲೆ ಮಡಿಕೆ ಬರುವ ಅಡ್ಡ ಕಾರ್ಡು ಭಾರ ಚೆನ್ನಾಗಿ ತಡೆಯುತ್ತದೆ. ಬಣ್ಣದ ಕಾರ್ಡಾದರೆ ಒಳಗೆ ಬರೆಯುವುದಕ್ಕೆ ಒಂದು ಬಿಳಿ ಹಾಳೆ ಅಂಟಿಸಿಡಿ. ಅಷ್ಟು ಚೆಂದದ ಕಾರ್ಡು ಕೊಟ್ಟು ಬರೆಯಲು ಜಾಗ ಇಲ್ಲ ಅಂದರೆ ಹೇಗೆ?

ಸುಮ್ನೆ ಓದುಗ

ಗುಂಡಿ ಪೆಟ್ಟಿಗೆ ಅವರೇ, ನಿಮ್ಮ ಪಕ್ಷಕ್ಕೆ ಕುರ್ಟ್ ಶ್ವಿಟರ್ಸ್ ಇದ್ದಾರೆ ಬಿಡಿ. ಜರ್ಮನಿಯ ಕಲಾವಿದ, ಮೊದಲ ಮಹಾಯುದ್ಧ ಮುಗಿದ ಮೇಲೆ ಟ್ರಾಮ್ ಟಿಕೆಟು, ಹೊದಿಕೆ ಕಾಗದ, ಮರದ ಚೂರು ಏನು ಸಿಕ್ಕಿತೋ ಅದನ್ನೆಲ್ಲ ಅಂಟಿಸಿ ಚಿತ್ರ ಮಾಡಿದವರು. ಕತ್ತರಿ ಕೈ ಪಕ್ಷಕ್ಕೆ ಮೇರಿ ಡಿಲೇನಿ. ಹುಟ್ಟಿದ್ದು 1700ರಲ್ಲಿ, ಬಣ್ಣದ ಕಾಗದ ಕತ್ತರಿಸಿ ಹೂವು ಮಾಡಲು ಶುರು ಮಾಡಿದ್ದು ತಮ್ಮ 70ರ ಆಚೆ. ಕಪ್ಪು ಹಿನ್ನೆಲೆ, ಅದರ ಮೇಲೆ ಒಂದೇ ಗಿಡ, ಒಂದು ಹೂವಿಗೇ ನೂರಾರು ಚೂರು. ಹತ್ತಿರ ಹತ್ತಿರ ಸಾವಿರ ಚಿತ್ರ ಮಾಡಿ, ಕಣ್ಣು ಮಂಜಾದ ಮೇಲೆ ನಿಲ್ಲಿಸಿದರು. ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಸುತ್ತಲಿನ ಕಪ್ಪಿನಲ್ಲಿ ಒಂದು ಗುಂಡಿಯೂ ಇಲ್ಲ!

ಗುಂಡಿ ಪೆಟ್ಟಿಗೆ

ಹಹ್ಹಾ, ನೂರಾರು ಚೂರು ಅಂದಿರಲ್ಲ, ಹಾಗಾದರೆ ಆಕೆಯೂ ನನ್ನ ಪಕ್ಷವೇ. ಹೂವಿನೊಳಗೆ ತುಂಬಿದ್ದಾರೆ ಅಷ್ಟೇ.

ರದ್ದಿ ರಾಣಿ

ಕಾರ್ಡುಗಳನ್ನು ಡಬ್ಬಿಯೊಳಗೆ ಒಂದರ ಮೇಲೊಂದು ಇಟ್ಟರೆ ಅಂಟಿಕೊಳ್ಳುತ್ತವಾ? ಮೇಲೆ ಮೀಡಿಯಂ ಬಳಿದ ಒಂದು ತುಂಡು ಒಣಗಿದೆ, ಆದರೂ ಮುಟ್ಟಿದರೆ ಬೆರಳು ಚೂರು ಹಿಡಿಯುತ್ತದೆ.

ಅಂಟು ಪುರಾಣ

ಖಂಡಿತ ಅಂಟಿಕೊಳ್ಳುತ್ತವೆ. ಮುಟ್ಟಿದಾಗ ಒಣಗಿದೆ ಅನಿಸುವುದು ಬೇರೆ, ಒಳಗಿನವರೆಗೆ ಗಟ್ಟಿಯಾಗುವುದು ಬೇರೆ. ಮಾಡ್ ಪಾಡ್ಜ್ ಅನ್ನುವ ಡೆಕುಪಾಜ್ ಅಂಟಿನ ತಯಾರಕರೇ ಪೂರ್ತಿ ಗಟ್ಟಿಯಾಗಲು 4 ವಾರ ಅನ್ನುತ್ತಾರೆ. ಜೊತೆಗೆ ಅಕ್ರಿಲಿಕ್ ಪದರ ಬಿಸಿಗೆ ಮೆತ್ತಗಾಗುತ್ತದೆ, ಮೇಲೆ ನ್ಯಾಪ್ಕಿನ್ ಇಸ್ತ್ರಿ ಮಾಡಿದ್ದು ಅದೇ ಗುಣದಿಂದ ಅಲ್ವಾ. ಸೆಕೆಯಲ್ಲಿ ಎರಡು ಕಾರ್ಡು ಮುಖಾಮುಖಿ ಇಟ್ಟು ಮೇಲೆ ಭಾರ ಬಿದ್ದರೆ ಕಿತ್ತು ಬಿಡಿಸುವಾಗ ಒಂದರ ಚಿತ್ರ ಇನ್ನೊಂದಕ್ಕೆ ಹೋಗುತ್ತದೆ. ಹೊಳಪಿನ ವಾರ್ನಿಶ್ ಬದಲು ಮ್ಯಾಟ್ ವಾರ್ನಿಶ್ ಹಚ್ಚಿ, ಅದು ಕಡಿಮೆ ಅಂಟುತ್ತದೆ. ಪೂರ್ತಿ ಗಟ್ಟಿಯಾದ ಮೇಲೆ ಬಣ್ಣವಿಲ್ಲದ ಮೇಣದ ಪಾಲಿಶ್ ತೆಳ್ಳಗೆ ಸವರಿ ಬಟ್ಟೆಯಿಂದ ತಿಕ್ಕಿದರೆ ಜಿಗುಟು ಹೋಗುತ್ತದೆ. ಆದರೂ ಪ್ರತಿ ಎರಡು ಕಾರ್ಡಿನ ನಡುವೆ ಪಾರ್ಚ್‌ಮೆಂಟ್ ಪೇಪರ್ ಇಟ್ಟೇ ಕೊಡಿ. ಮಾಮೂಲಿ ಬಿಳಿ ಹಾಳೆ ಇಟ್ಟರೆ ಅದೂ ಅಂಟಿಕೊಳ್ಳುತ್ತದೆ.

ಟಾಲ್ಕಂ ಪೌಡರ್ ಉದುರಿಸಿ ಅಂತ ಕೆಲವರು ಹೇಳುತ್ತಾರೆ. ಬೇಡ. ಗಾಢ ಬಣ್ಣವೆಲ್ಲ ಮಬ್ಬಾಗುತ್ತದೆ.

ಹಳೇ ಡಬ್ಬಿ

ಡಬ್ಬಿಯ ಒಳಗೆ ಏನೂ ಬಳಿಯಬೇಡಿ ಅಂತ ಹೇಳಲು ಮರೆತಿದ್ದೆ. ಒಳಗೆ ಬಳಿದರೆ ಕಾರ್ಡು ಅದಕ್ಕೂ ಅಂಟುತ್ತದೆ. ಬೇಕಾದರೆ ತಳದ ಅಳತೆಗೆ ಒಂದು ಒಣ ಕಾಗದ ಕತ್ತರಿಸಿ ಸುಮ್ನೆ ಹಾಸಿ. ಆಮೇಲೆ ಆ ಡಬ್ಬಿಯಲ್ಲಿ ತಿನ್ನುವುದನ್ನು ಹಾಕುವುದಿದ್ದರೂ ಒಳಗೆ ಬಣ್ಣ, ವಾರ್ನಿಶ್ ಇರಬಾರದು. ವಿಷವಿಲ್ಲ ಅಂತ ಬಾಟಲಿಯ ಮೇಲೆ ಬರೆದಿರುವುದಕ್ಕೂ ಆಹಾರ ತಾಗಬಹುದು ಅನ್ನುವುದಕ್ಕೂ ವ್ಯತ್ಯಾಸ ಇದೆ.

ಹೊಸ ಕುಂಚ

ನನ್ನ ಹತ್ತಿರ ತಗಡಿನದಿಲ್ಲ, ರಟ್ಟಿನ ಡಬ್ಬಿ ಇದೆ. ಮುಚ್ಚಳ ಡಬ್ಬಿಯ ಮೇಲೆ ಅರ್ಧದವರೆಗೆ ಇಳಿಯುತ್ತದೆ. ಅರ್ಧ ಡಬ್ಬಿ ಬೋಳು ಬಿಡುವುದಾ?

ಹಳೇ ಡಬ್ಬಿ

ಬೇಡ. ರಟ್ಟು ಚೂರು ಸಡಿಲ ಕೊಡುತ್ತದೆ. ಕೆಳಗಿನ ಡಬ್ಬಿಗೆ ಒಂದೇ ಪದರ ತೆಳು ಕಾಗದ ಅಂಟಿಸಿ, ಸೇರುವ ಕಡೆ ಒಂದರ ಮೇಲೊಂದು ಹತ್ತಿಸದೆ ಅಂಚಿಗೆ ಅಂಚು ಕೂರಿಸಿ. ಮೂಲೆಯಲ್ಲಿ ಕಾಗದ ಎರಡು ಪದರ ಆದರೆ ಮುಚ್ಚಳ ಅಲ್ಲೇ ಸಿಕ್ಕಿಕೊಳ್ಳುವುದು. ವಾರ್ನಿಶ್ ಬದಲು, ಮುಚ್ಚಳ ಜಾರುವ ಭಾಗಕ್ಕೆ ಮೇಣದ ಬತ್ತಿ ಉಜ್ಜಿ. ಪೇಸ್ಟು, ಲೇಸು, ಗುಂಡಿ ಎಲ್ಲ ಮುಚ್ಚಳದ ಹೊರಮೈಗೆ ಮಾತ್ರ.

ರದ್ದಿ ರಾಣಿ

ಕೊನೆಯ ಪ್ರಶ್ನೆ, ಬೈಯಬೇಡಿ. ಹಲ್ಲುಚಕ್ರ ಅಂಟಿಸಲು ಗ್ಲೂ ಗನ್ ಸಾಕಾ? ಮತ್ತೆ ಕಾರ್ಡಿನ ಅಳತೆ ಎಷ್ಟಿರಲಿ?

ಗುಂಡಿ ಪೆಟ್ಟಿಗೆ

ಅಂಟಿಸುವ ಪ್ರಶ್ನೆ ನನ್ನದು. ಗ್ಲೂ ಗನ್ ರಟ್ಟಿಗೆ, ಬಟ್ಟೆಗೆ, ಲೇಸಿಗೆ ಓಕೆ. ನುಣುಪು ಲೋಹಕ್ಕೆ ಲೋಹ ಅಂಟಿಸಿದರೆ ತಣ್ಣಗಾದ ಮೇಲೆ ಒಂದು ದಿನ ಟಪ್ ಅಂತ ಇಡೀ ಉಂಡೆಯೇ ಕಳಚಿಕೊಳ್ಳುತ್ತದೆ. ಸಣ್ಣ ಚಕ್ರವಾದರೆ ಹೆವಿ ಜೆಲ್ ಮೀಡಿಯಂ ದಪ್ಪಗೆ ಹಾಕಿ ಅದರಲ್ಲಿ ಚಕ್ರವನ್ನು ಅರ್ಧ ಮುಳುಗುವ ಹಾಗೆ ಒತ್ತಿ ಒಂದು ದಿನ ಅಲುಗಾಡಿಸದೆ ಬಿಡಿ. ಒಣಗಿದರೆ ಪಾರದರ್ಶಕ, ಕಾಣುವುದಿಲ್ಲ. ದೊಡ್ಡದು, ಭಾರದ್ದು ಆದರೆ ಎರಡು ಟ್ಯೂಬ್ ಬೆರೆಸುವ ಇಪಾಕ್ಸಿ, ಕಿಟಕಿ ತೆಗೆದಿಟ್ಟುಕೊಂಡು. ಎರಡೂ ಕಡೆಯ ಮೈ ಸ್ವಲ್ಪ ಉಜ್ಜಿಕೊಳ್ಳಿ. ಬಣ್ಣ ಬಳಿದ ಮೇಲೆ ಅಂಟಿಸುವುದಾದರೆ ಆ ಒಂದು ಚುಕ್ಕಿ ಜಾಗದಲ್ಲಿ ಬಣ್ಣ ಕೆರೆದು ಅಂಟಿಸಿ. ಇಲ್ಲವಾದರೆ ಅಂಟು ಬಣ್ಣವನ್ನು ಹಿಡಿದಿರುತ್ತದೆ, ಡಬ್ಬಿಯನ್ನಲ್ಲ.

ಕತ್ತರಿ ಕೈ

ಅಳತೆ ಡಬ್ಬಿಯಿಂದ ಶುರುವಾಗಲಿ. ಒಳಗಿನ ಉದ್ದ ಅಗಲ ಅಳೆಯಿರಿ. ಬೆರಳು ಹಾಕಿ ಎತ್ತಬೇಕಲ್ಲ, ಒಂದು ಬದಿಯಲ್ಲಾದರೂ ಒಂದೂವರೆ ಸೆಂಟಿಮೀಟರ್ ಬಿಟ್ಟು ಉಳಿದದ್ದು ಲಕೋಟೆಯ ಅಳತೆ. ಕಾರ್ಡು ಲಕೋಟೆಗಿಂತ ಸುಮಾರು 9ರಿಂದ 14 ಮಿಲಿಮೀಟರ್ ಚಿಕ್ಕದು. ಎ6 ಕಾರ್ಡು 105 ಇಂಟು 148 ಮಿಲಿಮೀಟರ್, ಅದಕ್ಕೆ ಹೊಂದುವ ಸಿ6 ಲಕೋಟೆ 114 ಇಂಟು 162. ಎ4 ಹಾಳೆಯನ್ನು ಎರಡು ಭಾಗ ಮಾಡಿ, ಒಂದೊಂದನ್ನೂ ನಡುವೆ ಮಡಿಸಿದರೆ ಎರಡು ಎ6 ಕಾರ್ಡು ಸಿಗುತ್ತವೆ, ಚೂರೂ ವೇಸ್ಟ್ ಇಲ್ಲ. ಬುಡಕ್ಕೆ 250ರಿಂದ 300 ಜಿಎಸ್‌ಎಂ ಇರಲಿ.

ಫೋಮ್ ಟೇಪು, ಗುಂಡಿ ಹಾಕಿ ಕಾರ್ಡು ದಪ್ಪವಾದರೆ ಚಪ್ಪಟೆ ಲಕೋಟೆಗೆ ಹೋಗುವುದಿಲ್ಲ. ಲಕೋಟೆಯನ್ನೂ ನೀವೇ ಮಾಡಿ, ಸುತ್ತಲೂ ಅರ್ಧ ಸೆಂಟಿಮೀಟರ್ ಅಂತರದಲ್ಲಿ ಎರಡೆರಡು ಗೀರು ಹಾಕಿದರೆ ಅದಕ್ಕೆ ಗೋಡೆ ಬರುತ್ತದೆ. ಮೊದಲು ರದ್ದಿ ಕಾಗದದಲ್ಲಿ ಒಂದು ಲಕೋಟೆ ಮಾಡಿ ಡಬ್ಬಿಯಲ್ಲಿ ಇಟ್ಟು ಮುಚ್ಚಳ ಹಾಕಿ ನೋಡಿ, ಆಮೇಲೆ ಒಳ್ಳೇ ಕಾಗದ ಕತ್ತರಿಸಿ.